ಮದುವಣಿಗನ ಉಡುಪು: ಎಂಟು ಮೊಳದ ಪಾಠ



ಮದುವೆಗಳ ಕಾಲ ಹತ್ತಿರ ಬಂದಿದೆ. ಈ ಸಂಚಿಕೆಯ ಪಾಠಕ್ಕೆ ಮದುವಣಿಗನ ಉಡುಪನ್ನೇ ಆರಿಸಿಕೊಂಡಿದ್ದೇವೆ. ಅದಕ್ಕೆ ಕಾರಣವಿದೆ.

ಹಿಂದೊಮ್ಮೆ ಮೆಟ್ಟುಪಾಳ್ಯದ ಒಂದು ಮದುವೆಗೆ ನಾವು ಹೋಗಿದ್ದೆವು. ವರ ಚಾಮರಾಜನಗರದ ಕಡೆಯವನು, ವಧು ಕೊಯಮತ್ತೂರು ಜಿಲ್ಲೆಯವಳು. ಹಿಂದಿನ ರಾತ್ರಿ ಬೀಗರಲ್ಲಿ ಮಾತು ಬೆಳೆಯಿತು. ವರನ ಹಿರಿಯರಿಗೆ ಕಚ್ಚೆ ಪಂಚೆಯೇ ಆಗಬೇಕು, ಹೆಣ್ಣಿನ ಕಡೆಯವರಿಗೆ ಈ ಸೀಮೆಯ ವೇಷ್ಟಿ ಆಗಬೇಕು. ಹುಡುಗನ ಗೆಳೆಯರದು ಶೇರ್ವಾನಿಯ ಹಟ. ಅದರ ಹಣವನ್ನು ಹೆಣ್ಣಿನ ತಂದೆ ಸಾಲ ಮಾಡಿ ತಂದಿದ್ದರೆಂದು ತಿಳಿದಾಗ ಎಲ್ಲರೂ ಸುಮ್ಮನಾದರು. ವರನ ಅಜ್ಜಿ ಮಾತ್ರ, “ಹಣೆಯಲ್ಲಿ ವಿಭೂತಿ, ಎದೆಯ ಮೇಲೆ ಲಿಂಗ ಇದ್ದರೆ ಸಾಕು ಕಣಪ್ಪ, ಮೈಮೇಲೆ ಬೀಗರ ಸಾಲ ಬೇಡ” ಎಂದರು. ಬೆಳಿಗ್ಗೆ ಹುಡುಗ ವೇಷ್ಟಿ ಉಟ್ಟು, ಶಲ್ಯ ಹೊದ್ದು, ಊರಿನ ರುಮಾಲು ಸುತ್ತಿ, ಬಾಸಿಂಗ ಕಟ್ಟಿಸಿಕೊಂಡು ಹಸೆಗೆ ಬಂದ.

ಕಚ್ಚೆಗೂ ವೇಷ್ಟಿಗೂ ಭೇದ ಉಡುವ ಕ್ರಮದಲ್ಲಿದೆ. ಕಚ್ಚೆ ಪಂಚೆಗೆ ಸುಮಾರು ನಾಲ್ಕೂವರೆ ಮೀಟರ್ ಬಟ್ಟೆ ಬೇಕು. ಮುಂದೆ ನೆರಿಗೆ ಹಿಡಿದು, ಒಂದು ತುದಿಯನ್ನು ಕಾಲ ನಡುವಿನಿಂದ ಹಿಂದಕ್ಕೆ ತಂದು ಸಿಕ್ಕಿಸಬೇಕಲ್ಲವೇ? ಕೊಂಗುನಾಡಿನ ವೇಷ್ಟಿಯನ್ನು ಸೊಂಟಕ್ಕೆ ಸುತ್ತಿದರಾಯಿತು. ಅದರಲ್ಲಿ ನಾಲ್ಕು ಮೊಳದ್ದು ಒಂಟಿ, ಎಂಟು ಮೊಳದ್ದು ಜೋಡಿ. ಎಂಟು ಮೊಳವೆಂದರೆ ಸುಮಾರು 3.6 ಮೀಟರ್. ಮದುವೆಗೆ ಜರಿಯಂಚಿನ ಎಂಟು ಮೊಳದ್ದೇ ವಾಡಿಕೆ.

ಈ ಬಟ್ಟೆಯ ಹಿಂದೆ ನಮ್ಮ ಭಾಷೆಯವರ ದುಡಿಮೆಯೂ ಇದೆ. ಕೊಯಮತ್ತೂರು ಜಿಲ್ಲೆಯ ಮಗ್ಗದ ಊರುಗಳಲ್ಲಿ ಮನೆಯಲ್ಲಿ ಕನ್ನಡವಾಡುವ ದೇವಾಂಗ ನೇಕಾರರು ತಲೆಮಾರುಗಳಿಂದ ನೆಲೆಸಿದ್ದಾರೆ. ಸಿರುಮುಗೈ ರೇಷ್ಮೆಗೆ, ನೆಗಮಂ ಹತ್ತಿ ಸೀರೆಗೆ ಹೆಸರಾಗಿವೆ. ತಿರುಪ್ಪೂರು ಜಿಲ್ಲೆಯ ಉಡುಮಲೈಪೇಟೆ ಸುತ್ತಿನ ರೈತರು ಹಿಪ್ಪುನೇರಳೆ ಬೆಳೆದು ರೇಷ್ಮೆಗೂಡು ತೆಗೆಯುತ್ತಾರೆ. ಒಂದು ಕಿಲೋ ರೇಷ್ಮೆ ನೂಲಿಗೆ ಸುಮಾರು 6ರಿಂದ 7 ಕಿಲೋ ಗೂಡು ಬೇಕು. ಸೇಲಂ ಬಿಳಿ ರೇಷ್ಮೆ ಪಂಚೆಗೆ ಪ್ರಸಿದ್ಧ.

ಕೊಳ್ಳುವವರು ಮೋಸಹೋಗಬಾರದು. ಅಂಚಿನ ಒಂದೆರಡು ಎಳೆ ಕಿತ್ತು ಸುಟ್ಟು ನೋಡಿರಿ. ಅಪ್ಪಟ ರೇಷ್ಮೆ ಕೂದಲು ಸುಟ್ಟ ವಾಸನೆ ಬೀರಿ, ಬೆರಳಲ್ಲಿ ಪುಡಿಯಾಗುವ ಬೂದಿ ಬಿಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. 2004ರಿಂದ ಜಾರಿಯಲ್ಲಿರುವ ಸಿಲ್ಕ್ ಮಾರ್ಕ್ ಚೀಟಿಯನ್ನೂ ಕೇಳಿರಿ. ರೇಷ್ಮೆಯೇ ಆಗಬೇಕೆಂದಿಲ್ಲ. ಗೂಡನ್ನು ಬೇಯಿಸುವಾಗ ಹುಳು ಸಾಯುತ್ತದೆಂದು ಹತ್ತಿಯನ್ನೇ ಉಡುವವರೂ ಇದ್ದಾರೆ. ಅದರಲ್ಲಿ ಯಾವ ಕೊರತೆಯೂ ಇಲ್ಲ.

ವೇಷ್ಟಿಯೆಂದರೆ ಕೀಳೆಂದು ತಿಳಿಯುವ ಯುವಕರಿಗೆ ಒಂದು ಮಾತು. 2014ರಲ್ಲಿ ಚೆನ್ನೈನ ಕ್ಲಬ್ಬೊಂದು ವೇಷ್ಟಿ ಉಟ್ಟು ಬಂದ ಹೈಕೋರ್ಟ್ ನ್ಯಾಯಾಧೀಶರನ್ನೇ ಒಳಗೆ ಬಿಡಲಿಲ್ಲ. ಅದೇ ವರ್ಷ ತಮಿಳುನಾಡು ವಿಧಾನಸಭೆ ಇಂಥ ನಿರ್ಬಂಧವನ್ನು ತೆಗೆದುಹಾಕುವ ಕಾನೂನು ಮಾಡಿತು.

ಇನ್ನು ಲೆಕ್ಕದ ಮಾತು. ನಾವು ವಾಣಿಜ್ಯ ಓದಿದವರು, ಕ್ಷಮಿಸಿರಿ. ಬಾಡಿಗೆಯ ಶೇರ್ವಾನಿ ಖರ್ಚಿನ ಕಲಮಿಗೆ ಸೇರುತ್ತದೆ, ಸಂಜೆಗೆ ಅಂಗಡಿಗೆ ಹಿಂದಿರುಗುತ್ತದೆ. ಪಂಚೆ ಆಸ್ತಿಯ ಕಲಮಿಗೆ ಸೇರುತ್ತದೆ, ಹಬ್ಬಕ್ಕೂ ಬರುತ್ತದೆ, ತಮ್ಮನ ಮದುವೆಗೂ ಬರುತ್ತದೆ. ಶೇರ್ವಾನಿ ತೊಡುವುದು ತಪ್ಪೆಂದು ನಾವು ಹೇಳುವುದಿಲ್ಲ, ತನ್ನ ದುಡಿಮೆಯಲ್ಲಿ ತೊಡಲಿ. ಹೆಣ್ಣಿನವರನ್ನು ಕೇಳಿ ಪಡೆದ ಉಡುಪು ಉಡುಗೊರೆಯಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಂತೆ ಬೇಡಿಕೆಯಿಡುವುದೇ ಅಪರಾಧ.

ಮನೆಯಲ್ಲಿ ಕುಳಿತು ಚರ್ಚಿಸಿರಿ:
1. ನಮ್ಮ ಮನೆಯ ಮದುವಣಿಗನ ಉಡುಪಿನ ಹಣ ಯಾರದು?
2. ಮದುವೆಯ ಮರುದಿನ ಆ ಬಟ್ಟೆ ಎಲ್ಲಿರುತ್ತದೆ?

ಈ ಎರಡು ಪ್ರಶ್ನೆಗಳಿಗೆ ಸಂಕೋಚವಿಲ್ಲದೆ ಉತ್ತರಿಸಬಲ್ಲ ಮನೆಯ ಹಸೆಮಣೆ ಹಗುರಾಗಿರುತ್ತದೆ.