ಕ್ರಿಯಾಯೋಜನೆಯಲ್ಲಿ ನೀರುಗಂಟಿಯ ಹೆಸರು

ಪ್ರಶ್ನೆ: ನಮ್ಮ ಗ್ರಾಮ ಪಂಚಾಯಿತಿ ಈ ವರ್ಷದ ಅಭಿವೃದ್ಧಿ ಯೋಜನೆಗೆ ‘ಜಲಸಮೃದ್ಧ ಗ್ರಾಮ’ದ ಗುರಿ ಆರಿಸಿಕೊಂಡಿದೆ. ಗ್ರಾಮಸಭೆಯೂ ಒಪ್ಪಿದೆ. ಸಿಬ್ಬಂದಿಗೆಲ್ಲ ಸುತ್ತೋಲೆ ಕೊಟ್ಟೆ, ಸಹಿ ಹಾಕಿದರು. ಆದರೂ ಅವರ ದಿನಚರಿ ಹೋದ ವರ್ಷದಂತೆಯೇ ನಡೆದಿದೆ. ಏನು ಮಾಡಲಿ?
– ಒಬ್ಬ ಪಿಡಿಒ, ತುಮಕೂರು ಜಿಲ್ಲೆ

ಉತ್ತರ: ಸರ್, ನಮ್ಮ ಪಂಚಾಯಿತಿಗಳಲ್ಲಿ ಕ್ರಿಯಾಯೋಜನೆ ಎಂದರೆ ಕಾಮಗಾರಿ ಮತ್ತು ಅಂದಾಜು ಮೊತ್ತದ ಪಟ್ಟಿ. ಚರಂಡಿಗೆ ಇಷ್ಟು, ಪೈಪ್‌ಲೈನಿಗೆ ಇಷ್ಟು. ದಿನಾ ಕೆಲಸ ಮಾಡುವವರ ಹೆಸರು ಅದರಲ್ಲಿ ಇರುವುದೇ ಇಲ್ಲ. ತೊಡಕು ಅಲ್ಲಿದೆ.

ಸುಸ್ಥಿರ ಅಭಿವೃದ್ಧಿಯ 17 ಗುರಿಗಳನ್ನು ಪಂಚಾಯಿತಿಗಳಿಗಾಗಿ 9 ವಿಷಯಗಳಾಗಿ ಅಡಕ ಮಾಡಲಾಗಿದೆ. ನೀವು ಆರಿಸಿದ್ದು ಅವುಗಳಲ್ಲೊಂದು. ಅದನ್ನು ನಿಮ್ಮ ಬೀದಿಗೆ ಇಳಿಸಿ. ಜಲಜೀವನ್ ಮಿಷನ್ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಸಿಗಬೇಕು. ಯಾವ ಕೇರಿಯ ಕೊನೆಯ ನಲ್ಲಿಗೆ ಅಷ್ಟು ಬರುತ್ತಿಲ್ಲ? ಆ ಕೇರಿಯ ಹೆಸರು ಬರೆದ ಮೇಲೆಯೇ ಸಿಬ್ಬಂದಿಗೆ ಕೈಹಚ್ಚಲು ಒಂದು ಕೆಲಸ ಸಿಗುವುದು.

ಒಂದು ಬೆಳಿಗ್ಗೆ ನೀರುಗಂಟಿಯ ಜೊತೆ ಊರು ಸುತ್ತಿ. ಯಾವ ವಾಲ್ವ್ ಸೋರುತ್ತದೆ, ಯಾರು ನಲ್ಲಿಗೆ ಮೋಟರ್ ಹಚ್ಚಿ ನೀರೆಳೆಯುತ್ತಾರೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಇಷ್ಟು ವರ್ಷ ಯಾರೂ ಕೇಳಿಲ್ಲ, ಅಷ್ಟೆ. ಅವರು ಹೇಳಿದ್ದನ್ನು ಅಲ್ಲೇ ಬರೆದುಕೊಳ್ಳಿ: ಟ್ಯಾಂಕ್ ತೊಳೆಯುವುದು ಯಾವ ವಾರ, ಬ್ಲೀಚಿಂಗ್ ಪೌಡರ್ ತರಿಸುವವರು ಯಾರು, ಕೊನೆಯ ನಲ್ಲಿಯಲ್ಲಿ ಕ್ಲೋರಿನ್ ಪರೀಕ್ಷಿಸುವವರು ಯಾರು. ಅಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಬಿಲ್ ಕಲೆಕ್ಟರ್ ಹೇಗೂ ಮನೆಮನೆಗೆ ಹೋಗುತ್ತಾರೆ. ನೀರು ಬಾರದ ನಲ್ಲಿಗಳನ್ನು ಗುರುತು ಹಾಕಿಕೊಳ್ಳುವುದು ಅವರಿಗಿರಲಿ. ವಾಲ್ವ್ ಬದಲಿಸುವ ಖರ್ಚನ್ನು ಕಾಮಗಾರಿ ಪಟ್ಟಿಯಲ್ಲೇ ಸೇರಿಸಿ. ಇಲ್ಲವಾದರೆ ನೀರುಗಂಟಿ ಎಷ್ಟು ಸಲ ದೂರು ತಂದರೂ ಸಾಮಾನು ಬರುವುದಿಲ್ಲ.

ಎಲ್ಲವೂ ಒಂದೇ ಹಾಳೆಯಲ್ಲಿರಲಿ. ಸೋಮವಾರ ಹತ್ತು ನಿಮಿಷ ಎಲ್ಲರೂ ನಿಂತು ಅದನ್ನು ನೋಡಿ. ಒಂಬತ್ತೂ ವಿಷಯಗಳಿಗೆ ಈಗಲೇ ಕೈಹಾಕಬೇಡಿ.

ಪ್ರಶ್ನೆ: ಪಂಚಾಯಿತಿಯ ಕೆಲಸದ ಹಾಳೆಯಲ್ಲಿ ನನ್ನ ಹೆಸರಿನ ಮುಂದೆ ‘ಎಲ್ಲಾ ಮನೆಗೂ ದಿನಾ ನೀರು’ ಅಂತ ಬರೆದಿದ್ದಾರೆ. ಕರೆಂಟು ಯಾವಾಗಲೋ ಬರುತ್ತೆ. ಮೋಟರ್ ಸುಟ್ಟರೆ ವಾರ ಕಾಯಬೇಕು. ನೀರು ಬರದಿದ್ದರೆ ಬೈಗುಳ ನನಗೆ. ಇದು ಸರಿಯೇ?
– ಒಬ್ಬ ನೀರುಗಂಟಿ

ಉತ್ತರ: ಸರಿಯಲ್ಲ, ಅಣ್ಣಾ. ನಿಮ್ಮ ಕೈಯಲ್ಲಿ ಇಲ್ಲದ್ದನ್ನು ನಿಮ್ಮ ಹೆಸರಿಗೆ ಬರೆಯುವುದು ಅನ್ಯಾಯ. ಹೊತ್ತಿಗೆ ವಾಲ್ವ್ ತಿರುಗಿಸುವುದು, ಟ್ಯಾಂಕ್ ತೊಳೆಯುವುದು, ಮೋಟರ್ ಕೆಟ್ಟ ದಿನವೇ ಕಚೇರಿಗೆ ತಿಳಿಸಿ ಪುಸ್ತಕದಲ್ಲಿ ಬರೆಸುವುದು ನಿಮ್ಮ ಕೆಲಸ. ರಿಪೇರಿ ಮಾಡಿಸುವುದು ಕಚೇರಿಯದ್ದು. ಎಷ್ಟು ದಿನದೊಳಗೆ ಎಂಬುದೂ ಅದೇ ಹಾಳೆಯಲ್ಲಿ ಪಿಡಿಒ ಹೆಸರಿನ ಮುಂದೆ ಬರಬೇಕು. ಈ ಪುಟವನ್ನು ಅವರಿಗೆ ತೋರಿಸಿ, ಜೊತೆಯಲ್ಲಿ ಕೂತು ತಿದ್ದಿಸಿಕೊಳ್ಳಿ.