ಹುಡುಕಿದರೆ ತೊಗರಿ ಸಿಗಬೇಕು

ತಮ್ಮಾ, ಸೇಡಂ, ಚಿಂಚೋಳಿ ಕಡೆಯ ತೊಗರಿಬೇಳೆ ಮಾರುವವರಿಗೆ, ಶಹಾಬಾದಿನ ಫರಸಿ ಕಲ್ಲಿನ ವ್ಯಾಪಾರಿಗಳಿಗೆ ವೆಬ್ ಆಪ್ ಮಾಡಿಕೊಡಲು ಹೊರಟಿದ್ದೀಯ ಎಂದು ಕೇಳಿ ಖುಷಿಯಾಯಿತು. ಯಾವ ಫ್ರೇಮ್‌ವರ್ಕ್ ಎಂದು ತಲೆ ಕೆಡಿಸಿಕೊಳ್ಳಬೇಡ, ಕೈಗೆ ಒಗ್ಗಿದ್ದನ್ನೇ ಹಿಡಿ. ಮೊದಲು ಸರ್ಚ್ ಸರಿಮಾಡು. ಕಲಬುರಗಿ ತೊಗರಿಬೇಳೆಗೆ 2019ರಲ್ಲೇ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಹೆಸರು ಹಿಡಿದು ಹುಡುಕಿ ಬಂದವರು ಬರಿಗೈಲಿ ಹೋಗಬಾರದು.

ಯೂನಿಕೋಡ್‌ನಲ್ಲಿ ‘ತೊಗರಿ’ ಎರಡು ಬಗೆಯಲ್ಲಿ ಕೂರಬಹುದು. ‘ತೊ’ದಲ್ಲಿರುವ ಒಕಾರದ ಚಿಹ್ನೆ ಒಂದೇ ಸಂಕೇತವಾಗಿರಬಹುದು, ಇಲ್ಲವೇ ಎಕಾರ, ಊಕಾರದ ಚಿಹ್ನೆಗಳು ಸೇರಿ ಆಗಿರಬಹುದು. ಕಣ್ಣಿಗೆ ಎರಡೂ ಒಂದೇ. ಎಫ್12 ಒತ್ತಿ ಕನ್ಸೋಲ್‌ನಲ್ಲಿ ಲೆಂಗ್ತ್ ನೋಡು: ಒಂದಕ್ಕೆ 5, ಇನ್ನೊಂದಕ್ಕೆ 6. ಡೇಟಾಬೇಸಿನಲ್ಲಿರುವುದು ಒಂದು, ಗಿರಾಕಿ ಹಾಕಿದ್ದು ಇನ್ನೊಂದು ಆದರೆ ಗೋದಾಮಿನ ತುಂಬ ಬೇಳೆ ಇದ್ದರೂ ‘ಮಾಲು ಇಲ್ಲ’ ಎಂದೇ ಬರುತ್ತದೆ. ಉಳಿಸುವಾಗಲೂ ಹುಡುಕುವಾಗಲೂ ಪದವನ್ನು ನಾರ್ಮಲೈಸ್ ಫಂಕ್ಷನ್ನಿನಿಂದ, ಬಿಡಿ ಚಿಹ್ನೆಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತಂದುಬಿಡು. ಒಂದೇ ಸಾಲಿನ ಕೋಡ್.

ಶಹಾಬಾದಿನ ತೊಡಕು ಬೇರೆ. ‘ಶಹಾಬಾದ್‌ನಲ್ಲಿ’ ಎಂದು ಬರೆಯುವಾಗ ‘ದ್’ ಆದಮೇಲೆ ಝಡ್‌ಡಬ್ಲ್ಯೂಎನ್‌ಜೆ ಎಂಬ ಕಾಣದ ಅಕ್ಷರ ಹಾಕುತ್ತೇವೆ. ಇಲ್ಲದಿದ್ದರೆ ದಕಾರಕ್ಕೆ ನಕಾರದ ಒತ್ತು ಬೀಳುತ್ತದೆ. ಬರೀ ಊರ ಹೆಸರಿನ ಕೊನೆಗೂ ಅದು ಅಂಟಿಕೊಂಡಿರಬಹುದು. ನಾರ್ಮಲೈಸ್ ಅದನ್ನು ತೆಗೆಯುವುದಿಲ್ಲ, ನೀನೇ ತೆಗೆಯಬೇಕು. ಆದರೆ ಹೋಲಿಕೆಗೆ ಇಟ್ಟುಕೊಂಡ ಪ್ರತಿಯಲ್ಲಿ ಮಾತ್ರ. ಓದುವ ಪಠ್ಯವನ್ನು ಮುಟ್ಟಬೇಡ. ಇನ್ನು ಸೇಡಂ ಎಂದೂ ಸೇಡಮ್ ಎಂದೂ ಬರೆದರೆ ಯಾವ ಫಂಕ್ಷನ್ನೂ ನೆರವಿಗೆ ಬರದು. ಚಿತ್ತಾಪುರದ ನಾಲ್ಕು ಅಂಗಡಿಯವರನ್ನು ಕೇಳಿ, ಪರ್ಯಾಯ ಹೆಸರುಗಳ ಪಟ್ಟಿಯನ್ನು ಕೈಯಾರೆ ಕಟ್ಟು. ತೂಕದ ಜಾಗದಲ್ಲಿ ‘೫೦’ ಎಂದು ಕನ್ನಡ ಅಂಕಿ ಬಂದರೆ ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆ ಎಂದು ಒಪ್ಪುವುದಿಲ್ಲ. ಬೈಯದೆ 50 ಮಾಡಿಕೊಂಡು ಮುಂದೆ ಹೋಗು. ಕನ್ನಡದಲ್ಲಿ ಬರೆದವನಿಗೆ ‘ತಪ್ಪು’ ಎಂದು ಕೆಂಪಕ್ಷರ ತೋರಿಸುವುದು ನನಗೆ ಸರಿ ಕಾಣುವುದಿಲ್ಲ.

ಫರಸಿಯ ಫೋಟೋಗಳನ್ನು ಫೋನಿನಿಂದ ಬಂದಹಾಗೇ ಏರಿಸದೆ, ಅಳತೆ ಇಳಿಸಿ ವೆಬ್‌ಪಿ ಮಾಡು. ನೆಟ್‌ವರ್ಕ್ ಟ್ಯಾಬಿನಲ್ಲಿ ವೇಗವನ್ನು 3ಜಿಗೆ ಇಳಿಸಿ ತೆರೆದು ನೋಡು. ಕುಂಚಾವರಂ ಕಾಡಿನ ಕಡೆ ಸಿಗ್ನಲ್ ಕುಗ್ಗಿದಾಗಲೂ ಬೆಲೆಪಟ್ಟಿ ಮೊದಲು ಕಾಣಬೇಕು, ಚಿತ್ರ ಆಮೇಲೆ ಬರಲಿ.

ಆಪ್ ಶುರುವಾದ ದಿನದಿಂದಲೇ, ಏನೂ ಸಿಗದ ಹುಡುಕಾಟಗಳನ್ನು ಒಂದು ಟೇಬಲ್ಲಿನಲ್ಲಿ ಕೂಡಿಡು. ಯಾರು ಹುಡುಕಿದರು ಎಂಬುದು ಬೇಡ, ಪದ ಸಾಕು. ವಾರಕ್ಕೊಮ್ಮೆ ಆ ಪಟ್ಟಿ ಹಿಡಿದು ವಾಡಿಗೆ ಹೋಗಿ, ವ್ಯಾಪಾರಿಯ ಪಕ್ಕ ಕೂತು, ಒಂದೊಂದು ಪದಕ್ಕೂ ಯಾವ ಮಾಲು ಎಂದು ಕೇಳಿ ಬರೆದುಕೋ.