ಗಾಯ ಕಾಣದಿದ್ದರೂ ತಪಾಸಣೆ ಬೇಕು



ಕಬ್ಬಿನ ಟ್ರಾಲಿಯಿಂದ ಬಿದ್ದವನು ಮೈ ಕೊಡವಿ ಎದ್ದು ನಿಂತರೆ, "ಏನೂ ಆಗಿಲ್ಲ" ಎಂದು ಮನೆಗೆ ಕಳಿಸುವುದು ರೂಢಿ. ಇದು ತಪ್ಪು. ಎಡಪಕ್ಕೆಯ ಅಡಿಯ ಗುಲ್ಮ ಇಲ್ಲವೆ ಬಲಪಕ್ಕೆಯ ಅಡಿಯ ಯಕೃತ್ತು ಸೀಳಿದರೆ ರಕ್ತವು ಹೊಟ್ಟೆಯೊಳಗೇ ಸೋರುತ್ತದೆ. ಮೇಲೆ ಒಂದು ಗೀರೂ ಇರಲಿಕ್ಕಿಲ್ಲ. ತಲೆಯೊಳಗಿನ ರಕ್ತಸ್ರಾವದ ಲಕ್ಷಣಗಳು ಕೆಲವು ತಾಸುಗಳ ನಂತರ, ವೃದ್ಧರಲ್ಲಿ ವಾರಗಳ ನಂತರವೂ ತೋರಬಹುದು.

ಎಕ್ಸ್‌-ರೇ ಮುಖ್ಯವಾಗಿ ಎಲುಬನ್ನು ತೋರಿಸುತ್ತದೆ. ಹೊಟ್ಟೆಗೆ ಸೋನೋಗ್ರಾಫಿ, ತಲೆಗೆ ಸಿ.ಟಿ. ಸ್ಕ್ಯಾನ್ ಬೇಕಾಗುತ್ತದೆ. ಮೊದಲ ಸೋನೋಗ್ರಾಫಿಯಲ್ಲಿ ಏನೂ ಕಾಣದಿದ್ದರೂ ನೋವು ಹೆಚ್ಚಿದರೆ ಮತ್ತೆ ತೋರಿಸಿರಿ.

ಹೊಟ್ಟೆ ಬಿಗಿತ, ಎಡ ಭುಜದ ನೋವು, ತಣ್ಣನೆಯ ಬೆವರು, ಮೂತ್ರದಲ್ಲಿ ರಕ್ತ, ಮೇಲಿಂದ ಮೇಲೆ ವಾಂತಿ, ಮಂಪರು—ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿರಿ. ಹೊಟ್ಟೆ ತಿಕ್ಕಿಸಬೇಡಿರಿ. ಶಸ್ತ್ರಕ್ರಿಯೆ ಬೇಕಾದೀತು, ಚಹಾ, ನೀರು ಕೊಡಬೇಡಿರಿ. ಹೇಗೆ ಬಿದ್ದ, ಯಾವ ಮಗ್ಗುಲಿಗೆ ಪೆಟ್ಟು ಬಿತ್ತು, ರಕ್ತ ತೆಳುಮಾಡುವ ಗುಳಿಗೆ ನುಂಗುತ್ತಾನೆಯೇ ಎಂಬುದನ್ನು ಡಾಕ್ಟರರಿಗೆ ಹೇಳಿರಿ.

ಅಕ್ಕಲಕೋಟೆಯಿಂದ ಸೊಲ್ಲಾಪುರದ ಸಿವಿಲ್ ಆಸ್ಪತ್ರೆ ಸುಮಾರು 40 ಕಿಲೋಮೀಟರ್. ಕಬ್ಬು ಕಡಿಯುವ ಟೋಳಿಯವನಾದರೂ ಸರಿ, ಮನೆಯ ಮಗನಾದರೂ ಸರಿ, ಹೊತ್ತು ಕಳೆಯದೆ ಕರೆದೊಯ್ಯಿರಿ. ಕಬ್ಬು ಕಾರಖಾನೆಗೆ ಒಂದು ದಿನ ತಡವಾಗಿ ಹೋದರೂ ನಡೆದೀತು.